ತಿರುಗುವ ಸ್ಟ್ಯಾಂಡ್ ಮತ್ತು ಒಂದು ಅವಲೋಕನ ಟಿಪ್ಪಣಿ

ಬೋಧನಾಭ್ಯಾಸ ಸಂಚಿಕೆಗೆ ನಾನು ಸಾಮಾನ್ಯವಾಗಿ ಬರೆಯುವುದು ಪಾಠಯೋಜನೆಯ ಹಂತಗಳ ಬಗ್ಗೆ, ಪ್ರಶ್ನೆ ಕೇಳುವ ಕೌಶಲದ ಬಗ್ಗೆ. ಈ ಸಲ ಹಳೆಯ ಕಾರೊಂದನ್ನು ರಿಪೇರಿ ಮಾಡಲು ನಾವು ಮನೆಯಲ್ಲೇ ಕಟ್ಟಿಕೊಂಡ ಒಂದು ಕಬ್ಬಿಣದ ಸ್ಟ್ಯಾಂಡಿನ ಬಗ್ಗೆ ಬರೆಯುತ್ತಿದ್ದೇನೆ. ಆದರೆ ವಿಷಯ ಶುರುವಾಗುವುದು ತರಗತಿಯಲ್ಲಿ. ಇದರಲ್ಲಿ ಬರುವ ಪ್ರಶಿಕ್ಷಣಾರ್ಥಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮಾತ್ರ ಹಾಕಬೇಡಿ ಎಂದಿದ್ದಾರೆ.

ಕಳೆದ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ತರಗತಿಯ ಭೌತವಿಜ್ಞಾನ ಪಾಠವೊಂದನ್ನು ಅವಲೋಕಿಸಲು ಹೋಗಿದ್ದೆ. ಘಟಕ ಗುರುತ್ವಾಕರ್ಷಣೆ. ಪ್ರಶಿಕ್ಷಣಾರ್ಥಿ ತೂಕ ಮತ್ತು ದ್ರವ್ಯರಾಶಿಯನ್ನು ಮುಗಿಸಿ, ಪಾಠಯೋಜನೆಯ ವಿಸ್ತರಣೆಯ ಹಂತದಲ್ಲಿ ಗುರುತ್ವ ಕೇಂದ್ರದ ಒಂದು ಪೂರಕ ಚಟುವಟಿಕೆ ಇಟ್ಟುಕೊಂಡಿದ್ದರು. ಪಠ್ಯದ ಆ ಘಟಕದಲ್ಲಿ ಅದು ಇಲ್ಲ, ತಾವಾಗಿ ಸೇರಿಸಿದ್ದು. ರಟ್ಟಿನಲ್ಲಿ ಕರ್ನಾಟಕದ ನಕ್ಷೆ ಕತ್ತರಿಸಿ, ಅಂಚಿನಲ್ಲಿ ಮೂರು ತೂತು ಮಾಡಿ, ಒಂದೊಂದರಿಂದಲೂ ತೂಗುಹಾಕಿ, ದಾರಕ್ಕೆ ಕಲ್ಲು ಕಟ್ಟಿದ ಲಂಬಸೂತ್ರದ ಗುಂಟ ಗೆರೆ ಎಳೆಯುವುದು. ಗೆರೆಗಳು ಸೇರಿದ ಜಾಗದಲ್ಲಿ ಪೆನ್ನಿನ ತುದಿ ಇಟ್ಟರೆ ನಕ್ಷೆ ಸಮತೋಲದಲ್ಲಿ ನಿಲ್ಲುತ್ತದೆ. ಗೆರೆಗಳು ಯಾವ ಜಿಲ್ಲೆಯಲ್ಲಿ ಸೇರುತ್ತವೆ ಎಂದು ಮಕ್ಕಳಲ್ಲಿ ಪಂಥವೇ ನಡೆಯಿತು. ದಾವಣಗೆರೆಯ ಆಸುಪಾಸಿನಲ್ಲಿ ಎಲ್ಲೋ ಸೇರಿದವು. ಗದ್ದಲ ಆಯಿತು, ಸಮಯವೂ ಮೀರಿತು.

ಆಗ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ಬಳೆಯದ್ದು ಎಲ್ಲಿರುತ್ತದೆ?"

"ನಡುವೆ" ಎಂದರು ಅವರು.

"ನಡುವೆ ಏನೂ ಇಲ್ಲವಲ್ಲ ಟೀಚರ್. ಏನೂ ಇಲ್ಲದ್ದನ್ನು ಭೂಮಿ ಎಳೆಯುವುದು ಹೇಗೆ?"

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ತಮ್ಮ ಕೈಯ ಬಳೆಯನ್ನೇ ಒಂದು ಕ್ಷಣ ನೋಡಿ, "ಅದನ್ನು ನಾಳೆ ನೋಡೋಣ" ಎಂದರು. ಗಂಟೆ ಹೊಡೆಯಿತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೇ ಅವಲೋಕನ ಪುಸ್ತಕದಲ್ಲಿ ಬರೆದೆ: ಪೂರಕ ಚಟುವಟಿಕೆ ಅನಗತ್ಯ. ಪರಿಕಲ್ಪನೆಯಲ್ಲಿ ಸ್ಪಷ್ಟತೆ ಇಲ್ಲ. ಸಮಯಪಾಲನೆ ಇಲ್ಲ. ಪಠ್ಯವಸ್ತುವಿಗೆ ಸೀಮಿತವಾಗಿರುವುದು ಒಳಿತು. ಕೆಳಗೆ ರುಜು ಹಾಕಿ ಇನ್ನೊಂದು ಪಾಠಕ್ಕೆ ಓಡಿದೆ. ಆ ದಿನ ನೋಡಬೇಕಾಗಿದ್ದ ಪಾಠಗಳು ಐದು.

ಇನ್ನು ಕಾರಿನ ವಿಷಯ. ಅದು ನಮ್ಮ ತಂದೆಯ ಪ್ರೀಮಿಯರ್ ಪದ್ಮಿನಿ, 1984ರದ್ದು. ಇಟಲಿಯ ಫಿಯೆಟ್ 1100 ಡಿ ಕಾರನ್ನೇ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ದಶಕಗಳ ಕಾಲ ತಯಾರಿಸಿದ್ದು ಹಳಬರಿಗೆ ಗೊತ್ತು. ಎಂಜಿನ್ 1089 ಸಿಸಿ, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. 2023ರ ಅಕ್ಟೋಬರಿನ ಕೊನೆಗೆ ಮುಂಬೈಯ ಕಡೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು ಎಂದು ಪತ್ರಿಕೆಗಳಲ್ಲಿ ಬಂದಾಗ ತಂದೆ ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ನಮ್ಮ ಕಾರು ಅಷ್ಟು ಹೊತ್ತಿಗೆ ಆರು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಎಂಜಿನ್ ಸರಿಯಿತ್ತು. ಕೆಟ್ಟದ್ದು ಒಡಲು.

ಕರಾವಳಿಯಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಮುಂದಿನ ಗಾಜಿನ ರಬ್ಬರು ಒಣಗಿ ಬಿರುಕು ಬಿಟ್ಟರೆ ನೀರು ಸದ್ದಿಲ್ಲದೆ ಒಳಗಿಳಿದು ಕಾರ್ಪೆಟ್ಟಿನ ಅಡಿಯಲ್ಲಿ ನಿಲ್ಲುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪಟ್ಟಿಗೆ ಸಿಲ್ ಎನ್ನುತ್ತಾರೆ. ಅದರೊಳಗೆ ಕೆಸರು ಸೇರಿ ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ. ನಮ್ಮ ಕಾರಿನಲ್ಲಿ ಸ್ಕ್ರೂಡ್ರೈವರಿನಿಂದ ಒತ್ತಿದರೆ ಸಿಲ್ಲಿನಲ್ಲಿ ತೂತು ಬೀಳುತ್ತಿತ್ತು. ಪದ್ಮಿನಿಗೆ ಜೀಪಿನಂತೆ ಕೆಳಗೆ ಬೇರೆ ಚಾಸಿ ಇಲ್ಲ. ತಗಡಿನ ಒಡಲೇ ಭಾರ ಹೊರುವ ಚೌಕಟ್ಟು. ಹಾಗಾಗಿ ಸಿಲ್ಲು ಮತ್ತು ನೆಲದ ತಗಡು ಹೋದರೆ ಕಾರೇ ಹೋದಂತೆ.

ಆ ತಗಡನ್ನು ಬದಲಿಸಬೇಕಾದರೆ ಕಾರಿನ ಕೆಳಗೆ ಅಂಗಾತ ಮಲಗಿ ಮೇಲಕ್ಕೆ ವೆಲ್ಡ್ ಮಾಡಬೇಕು. ಕಿಡಿ ಕಾಲರಿನೊಳಗೆ ಬೀಳುತ್ತದೆ, ಕರಗಿದ ಲೋಹ ಕೆಳಕ್ಕೆ ಜಾರುತ್ತದೆ, ಕೆಲಸವೂ ಗಟ್ಟಿಯಾಗುವುದಿಲ್ಲ. ಆದ್ದರಿಂದ ಒಡಲನ್ನು ಬರಿದು ಮಾಡಿ, ಮುಂದೆ ಹಿಂದೆ ಎರಡು ಕಂಬಗಳ ನಡುವೆ ಸಿಕ್ಕಿಸಿ, ರೊಟ್ಟಿ ಮಗುಚುವಂತೆ ಮಗುಚಿಕೊಳ್ಳುವ ಉಪಾಯ ಈ ಕಸುಬಿನಲ್ಲಿ ಇದೆ. ಕೊಂಡರೆ ದುಬಾರಿ. ನಾವೇ ಕಟ್ಟೋಣ ಎಂದು ತಮ್ಮ ಹೇಳಿದ. ದಸರಾ ರಜೆ ಬಂದಿತ್ತು. ತಂದೆಗೆ ಎಂಬತ್ತೊಂದು, ಇನ್ನೊಮ್ಮೆ ಆ ಕಾರಿನಲ್ಲಿ ಕೂರುವ ಆಸೆ ಅವರು ಬಾಯಿಬಿಟ್ಟು ಹೇಳದಿದ್ದರೂ ನಮಗೆ ಗೊತ್ತಿತ್ತು. ಲೆಕ್ಕಾಚಾರದ ಹೊಣೆ ನನ್ನದು, ಏಕೆಂದರೆ ಇಪ್ಪತ್ತೆರಡು ವರ್ಷದಿಂದ ಭೌತವಿಜ್ಞಾನ ಬೋಧನಾ ಪದ್ಧತಿ ಕಲಿಸುತ್ತಿರುವವನು ನಾನು.

ಸ್ಟ್ಯಾಂಡಿನ ರಚನೆ ಸರಳ. ಎರಡು ತುದಿಗೂ ಇಂಗ್ಲಿಷಿನ ಟಿ ಅಕ್ಷರವನ್ನು ತಲೆಕೆಳಗಾಗಿ ಇಟ್ಟಂಥ ಒಂದೊಂದು ಕಂಬ, 75 ಮಿ.ಮೀ. ಚೌಕದ ಕಬ್ಬಿಣದ ಪೈಪು. ಅದರೊಳಗೆ 60 ಮಿ.ಮೀ. ಚೌಕದ ಇನ್ನೊಂದು ಪೈಪು ಮೇಲೆ ಕೆಳಗೆ ಸರಿಯುತ್ತದೆ. ಒಳಗೆ ಅದು ಸಡಿಲ, ಗಡಗಡ ಎನ್ನುತ್ತದೆ. ಹೊರಪೈಪಿಗೆ ನಟ್ಟುಗಳನ್ನು ವೆಲ್ಡ್ ಮಾಡಿ ಅವುಗಳ ಮೂಲಕ ಬೋಲ್ಟು ಬಿಗಿದರೆ ಆ ಸಡಿಲ ಹೋಗುತ್ತದೆ. ಕಂಬದ ನೆತ್ತಿಯಲ್ಲಿ ದಪ್ಪ ದುಂಡು ಪೈಪಿನ ತುಂಡು, ಅದರೊಳಗೆ ಗ್ರೀಸು ಮೆತ್ತಿದ ಇನ್ನೊಂದು ದುಂಡು ಪೈಪು. ಅದೇ ಅಕ್ಷ. ಅಕ್ಷದ ತುದಿಗೆ ಒಂದು ತಗಡಿನ ತಟ್ಟೆ, ಅದರ ಸುತ್ತ ತೂತುಗಳು, ಬೇಕಾದ ಕೋನದಲ್ಲಿ ನಿಲ್ಲಿಸಲು ಒಂದು ಪಿನ್ನು. ಅಕ್ಷದಿಂದ ಒಂದು ಲಂಬ ಪಟ್ಟಿ ಹೊರಟು ಕಾರಿನ ಬಂಪರ್ ಕೂರುವ ಜಾಗಕ್ಕೆ ಬೋಲ್ಟಾಗುತ್ತದೆ. ಆ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ 3 ಸೆಂ.ಮೀ.ಗೆ ಒಂದರಂತೆ ತೂತುಗಳು, ಒಡಲನ್ನು ಅಕ್ಷಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಕೂರಿಸಬೇಕು ಎಂಬುದನ್ನು ಹೊಂದಿಸಲು. ಎರಡು ಕಂಬಗಳನ್ನು ನೆಲಮಟ್ಟದಲ್ಲಿ ಒಂದು ಉದ್ದ ಪೈಪು ಜೋಡಿಸುತ್ತದೆ, ಇಲ್ಲದಿದ್ದರೆ ಅವು ಒಂದರಿಂದೊಂದು ಜಾರಿ ಹೋಗುತ್ತವೆ. ಎರಡೂ ಅಕ್ಷಗಳು ಒಂದೇ ಗೆರೆಯಲ್ಲಿ, ಒಂದೇ ಮಟ್ಟದಲ್ಲಿ ಇರಬೇಕು. ಶೆಡ್ಡಿನ ನೆಲ ಓರೆ. ಮೇಸ್ತ್ರಿ ಗಾರೆ ಕೆಲಸದವರ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ತಂದು ಎರಡು ತುದಿಯ ನೀರಿನ ಮಟ್ಟ ನೋಡಿ ಹತ್ತು ನಿಮಿಷದಲ್ಲಿ ಹೊಂದಿಸಿದರು. ಅಕ್ಷ ನೆಲದಿಂದ 110 ಸೆಂ.ಮೀ. ಎತ್ತರಕ್ಕೆ ಬಂತು.

ಮೇಸ್ತ್ರಿ ಎಂದರೆ ನಮ್ಮೂರಿನ ಗ್ಯಾರೇಜಿನವರು. ಕೊಳೆತ ಸಿಲ್ಲನ್ನು ಕತ್ತರಿಸುವ ಮೊದಲು ಬಾಗಿಲಿನ ತೆರಪುಗಳಿಗೆ ಅಡ್ಡವಾಗಿಯೂ ಮೂಲೆಯಿಂದ ಮೂಲೆಗೂ ಆ್ಯಂಗಲ್ ಕಬ್ಬಿಣದ ಆಸರೆ ಬೆಸೆಯಲೇಬೇಕು ಎಂದು ಹಟ ಹಿಡಿದವರು ಅವರೇ. ಇಲ್ಲದಿದ್ದರೆ ಎರಡು ತುದಿಯಲ್ಲಿ ಹಿಡಿದ ಒಡಲು ನಡುವೆ ಬಾಗಿ, ಎಲ್ಲ ಮುಗಿದ ಮೇಲೆ ಬಾಗಿಲು ಹಾಕಲು ಬರುವುದಿಲ್ಲವಂತೆ. ಪೆಟ್ರೋಲ್ ಟ್ಯಾಂಕು ತೆಗೆಸಿ ಶೆಡ್ಡಿನಿಂದಲೇ ದೂರ ಇಡಿಸಿದವರೂ ಅವರೇ. ಅವರ ಜೊತೆ ಹತ್ತೊಂಬತ್ತು ವರ್ಷದ ಒಬ್ಬ ವೆಲ್ಡರ್ ಹುಡುಗ. ಹತ್ತನೆಯ ತರಗತಿಗೆ ಓದು ನಿಲ್ಲಿಸಿದವನು, ತೆಳು ತಗಡಿನ ಮೇಲೆ ಅವನ ಕೈ ಬಹಳ ಸೂಕ್ಷ್ಮ.

ಬರಿದಾದ ಒಡಲನ್ನು ಪಿಕಪ್ಪಿನಲ್ಲಿ ಶೆಡ್ಡಿಗೆ ತರುವಾಗ ದಾರಿಯ ವೇಬ್ರಿಜ್ಜಿನಲ್ಲಿ ತೂಗಿಸಿದ್ದೆ. ಖಾಲಿ ಗಾಡಿಯ ತೂಕ ಕಳೆದರೆ 240 ಕಿಲೋ. ಈಗ ಪಟ್ಟಿಯ ಯಾವ ತೂತಿಗೆ ಬೋಲ್ಟು ಹಾಕುವುದು ಎಂಬ ಪ್ರಶ್ನೆ ಬಂತು. ನಾನು ಯೋಚಿಸಲೂ ಇಲ್ಲ. ಎಂಜಿನ್ ಇಲ್ಲ, ಬಾಗಿಲುಗಳಿಲ್ಲ, ಗಾಜಿಲ್ಲ. ಉಳಿದದ್ದರಲ್ಲಿ ನೆಲವೇ ದಪ್ಪ, ಚಾವಣಿ ತೆಳು ತಗಡು. ಆದ್ದರಿಂದ ಗುರುತ್ವ ಕೇಂದ್ರ ನೆಲದ ಹತ್ತಿರವೇ, ಹೆಚ್ಚು ಕಡಿಮೆ ಬಂಪರಿನ ಮಟ್ಟದಲ್ಲಿ ಇರುತ್ತದೆ ಎಂದು ಹೇಳಿ ಅಕ್ಷವನ್ನು ಬಂಪರ್ ಬೋಲ್ಟುಗಳ ನೇರಕ್ಕೇ ಕೂರಿಸಿದೆ. "ಸ್ವಲ್ಪ ಮೇಲಿಡೋಣವಾ ಸಾರ್?" ಎಂದು ಮೇಸ್ತ್ರಿ ಕೇಳಿದ್ದು ನೆನಪಿದೆ. "ತೊಂದರೆ ಇಲ್ಲ, ಭಾರ ಕೆಳಗಿದೆ" ಎಂದೆ. ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದ್ದೆ.

ಪಿನ್ನು ತೆಗೆದೆವು. ಒಡಲು ನಿಂತ ಹಾಗೇ ನಿಂತಿತು. ತಮ್ಮ ಎಡಗಡೆಯ ಸಿಲ್ಲನ್ನು ಹಿಡಿದು ನಿಧಾನವಾಗಿ ಮೇಲೆತ್ತಿದ. ಮೊದಲು ಹಗುರ ಎಂದ. ನಂತರ, "ಅಣ್ಣ, ಇದು ತಾನೇ ಹೋಗುತ್ತಿದೆ" ಎಂದ. ಆಮೇಲಿನದು ಎರಡು ಸೆಕೆಂಡಿನಲ್ಲಿ ಮುಗಿಯಿತು. ಸಿಲ್ಲು ಅವನ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ಹೋಯಿತು, ಚಾವಣಿ ಬಲಕ್ಕೆ ವಾಲಿ ಕೆಳಗೆ ಬಿತ್ತು. ಬಲಗಡೆ ಚಾವಣಿ ನೆಲಕ್ಕೆ ತಾಗುತ್ತದೋ ಇಲ್ಲವೋ ನೋಡಲೆಂದು ವೆಲ್ಡರ್ ಹುಡುಗ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕುಳಿತುಕೋ ಎಂದವನೂ ನಾನೇ. ಮುಖಕ್ಕೆ ಅಡ್ಡವಾಗಿ ಅವನು ಎತ್ತಿದ ಮುಂಗೈಗೆ ಚಾವಣಿಯ ಮಳೆನೀರಿನ ಅಂಚು ಬಡಿಯಿತು. ಒಡಲು ತಲೆಕೆಳಗಾಗಿ, ನೆಲದಿಂದ ಒಂದು ಗೇಣು ಮೇಲೆ, ತೊಟ್ಟಿಲಿನಂತೆ ಆಚೀಚೆ ತೂಗುತ್ತ ನಿಧಾನವಾಗಿ ನಿಂತಿತು. ಹುಡುಗನಿಗೆ ಏಳು ಹೊಲಿಗೆ ಬಿದ್ದವು. ಮೂಳೆ ಮುರಿದಿರಲಿಲ್ಲ. ಇನ್ನೊಂದು ಗೇಣು ಮುಂದೆ ಕುಳಿತಿದ್ದರೆ ಏನಾಗುತ್ತಿತ್ತು ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಅವನ ತಾಯಿಗೆ ವಿಷಯ ಹೇಳಲು ನಾನೇ ಹೋಗಿದ್ದೆ. ಅವರು ಬೈಯಲಿಲ್ಲ. ಕೂರಲು ಕುರ್ಚಿ ಕೊಟ್ಟರು.

ಅವನು ನಾಲ್ಕು ದಿನದ ನಂತರ ಪಟ್ಟಿ ಕಟ್ಟಿದ ಕೈಯಲ್ಲೇ ಶೆಡ್ಡಿಗೆ ಬಂದ. ಕೆಲಸ ಮಾಡಬೇಡ ಎಂದಿದ್ದರೂ ಬಂದ. ಅಷ್ಟರಲ್ಲಿ ನಾವು ಹೆದರಿ ಒಡಲನ್ನು ಪಟ್ಟಿಯಲ್ಲಿ ಎಂಟು ತೂತು, ಅಂದರೆ 24 ಸೆಂ.ಮೀ. ಕೆಳಕ್ಕೆ ಇಳಿಸಿದ್ದೆವು. ಈಗ ಅದು ಮಗುಚುತ್ತಿರಲಿಲ್ಲ, ಬದಲಿಗೆ ತಿರುಗಲೂ ಒಪ್ಪುತ್ತಿರಲಿಲ್ಲ. ಇಬ್ಬರು ಸೇರಿ ಮಗ್ಗುಲಿಗೆ ತಿರುಗಿಸಿ ಕೈಬಿಟ್ಟರೆ ಹಠಮಾರಿಯಂತೆ ಮತ್ತೆ ನೆಟ್ಟಗಾಗುತ್ತಿತ್ತು. ಹುಡುಗ ಸುಮ್ಮನೆ ನೋಡುತ್ತಿದ್ದು, "ಭಾರ ಎಲ್ಲಿದೆ ಸಾರ್? ಕೈ ಇಟ್ಟು ತೋರಿಸಿ" ಎಂದ. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ. ನಾನು ನೆಲದ ತಗಡಿನ ಮೇಲೆ ಕೈ ಇಟ್ಟೆ. ಅಲ್ಲ ಎಂಬುದಕ್ಕೆ ಅವನ ಕೈಯ ಪಟ್ಟಿಯೇ ಇತ್ತು. ಚಾವಣಿಯ ಕಡೆ ಕೈ ಎತ್ತಿದೆ. ಅದೂ ಅಲ್ಲ. ಹಾಗಿದ್ದರೆ ಇವೆರಡರ ನಡುವೆ, ಸೀಟು ಬಿಚ್ಚಿದ ಜಾಗದ ಮೇಲಿನ ಗಾಳಿಯಲ್ಲಿ ಎಲ್ಲೋ. ನನ್ನ ಕೈ ಅಲ್ಲಿ ಸುಮ್ಮನೆ ನಿಂತಿತು. "ಅಲ್ಲಿ ಏನೂ ಇಲ್ಲವಲ್ಲ" ಎಂದ ಹುಡುಗ.

ಬಳೆಯ ಪ್ರಶ್ನೆ ನೆನಪಾದದ್ದು ಆಗ.

ಅಳೆಯುವ ವಿಧಾನ ಹುಡುಕಿದ್ದು ಆಮೇಲೆ, ಅದು ಕಷ್ಟವೇನಲ್ಲ. ಒಡಲನ್ನು ಸರಿಯಾಗಿ 90 ಡಿಗ್ರಿ ಮಗ್ಗುಲಿಗೆ ತಿರುಗಿಸಿ, ಮೇಲೆ ಬಂದ ಸಿಲ್ಲು ಅಕ್ಷದ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು ನೋಡಿದೆವು: 70 ಸೆಂ.ಮೀ. ಅಲ್ಲಿಗೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ ಎಳೆದು ಹಿಡಿದೆವು. ನೆಟ್ಟಗಾಗದಂತೆ ತಡೆಯಲು ಬೇಕಾದದ್ದು 31 ಕಿಲೋ. ಈಗ ಲೆಕ್ಕ ಸೀಸಾ ಆಟದ ಲೆಕ್ಕ. ನಾವು ಎಳೆಯುವುದು 31 ಕಿಲೋ, ಅಕ್ಷದಿಂದ 70 ಸೆಂ.ಮೀ. ದೂರದಲ್ಲಿ: ಗುಣಿಸಿದರೆ 2170. ಅದಕ್ಕೆ ಎದುರಾಗಿ ಒಡಲಿನ 240 ಕಿಲೋ, ಗೊತ್ತಿಲ್ಲದ ದೂರದಲ್ಲಿ. ಭಾಗಿಸಿದರೆ ಸುಮಾರು 9 ಸೆಂ.ಮೀ. ಅಂದರೆ ಗುರುತ್ವ ಕೇಂದ್ರ ಈಗ ಅಕ್ಷಕ್ಕಿಂತ 9 ಸೆಂ.ಮೀ. ಕೆಳಗಿದೆ. ಇಳಿಸಿದ್ದು 24, ಅದರಲ್ಲಿ 9 ಹೆಚ್ಚಾಯಿತು. ಮೊದಲ ದಿನ ಅದು ಅಕ್ಷಕ್ಕಿಂತ 15 ಸೆಂ.ಮೀ. ಮೇಲಿತ್ತು! ಅದೇ ಲೆಕ್ಕವನ್ನು ತಿರುಗಿಸಿ ಹಾಕಿದೆ: 240ನ್ನು 15ರಿಂದ ಗುಣಿಸಿ 70ರಿಂದ ಭಾಗಿಸಿದರೆ 51. ಒಡಲು ಮಗ್ಗುಲಾದ ಕ್ಷಣದಲ್ಲಿ ತಮ್ಮನ ಕೈಯಿಂದ ಸಿಲ್ಲನ್ನು ಕಿತ್ತುಕೊಂಡದ್ದು ಐವತ್ತು ಕಿಲೋದ ಎಳೆತ. ವೇಬ್ರಿಜ್ಜಿನ ಓದು ಹತ್ತು ಕಿಲೋ ಹೆಚ್ಚು ಕಡಿಮೆ ಇರಬಹುದು, ಆದರೂ ಉತ್ತರ ಬದಲಾಗುವುದು ಒಂದು ಸೆಂಟಿಮೀಟರಿನೊಳಗೆ.

ಮೂರು ತೂತು ಮೇಲಕ್ಕೆ ಸರಿಸಿದೆವು. ಪಿನ್ನು ತೆಗೆದಾಗ ಎಲ್ಲರೂ ದೂರ ನಿಂತಿದ್ದರು. ನಾನೊಬ್ಬನೇ ಸಿಲ್ಲಿಗೆ ಅಂಗೈ ಕೊಟ್ಟು ತಳ್ಳಿದೆ. ಒಡಲು ಸದ್ದಿಲ್ಲದೆ ಕಾಲುಭಾಗ ತಿರುಗಿ, ತಳ್ಳುವುದು ನಿಲ್ಲಿಸಿದಲ್ಲಿ ನಿಂತಿತು. ಇನ್ನೊಂದಿಷ್ಟು ತಳ್ಳಿದರೆ ಅಲ್ಲಿ ನಿಂತಿತು. ತಟಸ್ಥ ಸಮತೋಲ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಚೆಂಡಿನ ಚಿತ್ರ ಬಿಡಿಸಿ ಹೇಳುತ್ತೇನೆ, ಸ್ಥಿರಕ್ಕೆ ಒಂದು ಬಟ್ಟಲು, ಅಸ್ಥಿರಕ್ಕೆ ಒಂದು ಗುಡ್ಡ, ತಟಸ್ಥಕ್ಕೆ ಒಂದು ಸಪಾಟು ನೆಲ. ಆ ಮೂರನ್ನೂ ಒಂದೇ ವಾರದಲ್ಲಿ 240 ಕಿಲೋ ತಗಡಿನಲ್ಲಿ ನೋಡಿದಂತಾಯಿತು. ಕೊಳೆತ ನೆಲವನ್ನು ಕತ್ತರಿಸಿ ತೆಗೆದ ದಿನ ಒಡಲು ಮತ್ತೆ ಸ್ವಲ್ಪ ತಲೆಭಾರವಾಯಿತು, ಹೊಸ ತಗಡು ಬೆಸೆದ ಮೇಲೆ ಸರಿಹೋಯಿತು. ಹಾಗಾಗಿ ಪಿನ್ನು ಹಾಕದೆ ಯಾರೂ ಅದರ ಹತ್ತಿರ ಹೋಗಬಾರದು ಎಂಬುದು ಶೆಡ್ಡಿನ ನಿಯಮ. ಗೋಡೆಯ ಮೇಲೆ ಹುಡುಗನೇ ಸೀಮೆಸುಣ್ಣದಲ್ಲಿ ಬರೆದಿದ್ದಾನೆ.

ಅವನಿಗೆ ಅಂದು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುತ್ತೇನೆ, ಇದು ನನಗೂ ಅಂದೇ ಸ್ಪಷ್ಟವಾದದ್ದು. ಭೂಮಿ ಆ ಖಾಲಿ ಜಾಗವನ್ನು ಎಳೆಯುತ್ತಿಲ್ಲ. ಅದು ಎಳೆಯುತ್ತಿರುವುದು ತಗಡಿನ ಒಂದೊಂದು ಚೂರನ್ನು, ಚಾವಣಿಯ ಚೂರನ್ನು, ಸಿಲ್ಲಿನ ಚೂರನ್ನು. ಇಷ್ಟೆಲ್ಲ ಎಳೆತಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತ ಕೂರುವ ಬದಲು, ಒಟ್ಟು ಮೊತ್ತ ಎಲ್ಲಿ ವರ್ತಿಸಿದರೆ ಇದೇ ಫಲ ಸಿಗುತ್ತದೋ ಆ ಬಿಂದುವನ್ನು ನಾವು ಗುರುತಿಸಿಕೊಳ್ಳುತ್ತೇವೆ. ಅದು ಲೆಕ್ಕದ ಬಿಂದು. ಅಲ್ಲಿ ವಸ್ತು ಇರಲೇಬೇಕು ಎಂದೇನಿಲ್ಲ. ಆದರೆ ಲೆಕ್ಕದ ಬಿಂದು ಎಂದ ಮಾತ್ರಕ್ಕೆ ಸುಳ್ಳು ಬಿಂದುವಲ್ಲ, ಅದನ್ನು ತಪ್ಪಿದರೆ ಕೈ ಸೀಳುತ್ತದೆ. ನಮ್ಮ ಪಟ್ಟಿ, ಅಕ್ಷ, ಕಂಬ ಇವೆಲ್ಲ ಮಾಡುವ ಕೆಲಸ ಒಂದೇ: ಕೈಗೆ ಸಿಗದ ಆ ಬಿಂದುವಿನ ನೇರಕ್ಕೆ ಹೊರಗಿನಿಂದ ಒಂದು ಹಿಡಿಕೆ ಕೊಡುವುದು. ಹುಡುಗ ಕೇಳಿ, "ಹಾಗಾದರೆ ಅದು ಭಾರ ಇರುವ ಜಾಗ ಅಲ್ಲ, ಭಾರ ಸರಿಹೋಗುವ ಜಾಗ" ಎಂದ. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನ್ನ ಟಿಪ್ಪಣಿಗಳಲ್ಲಿ ಇಲ್ಲ.

ರಜೆ ಮುಗಿದು ಕಾಲೇಜಿಗೆ ಬಂದವನು ವಿಭಾಗದ ಕಪಾಟಿನಿಂದ ಆ ಪ್ರಶಿಕ್ಷಣಾರ್ಥಿಯ ದಾಖಲೆ ಪುಸ್ತಕ ತೆಗೆದೆ. ನನ್ನ ಟಿಪ್ಪಣಿ ಇದ್ದದ್ದು ಅವರ ಐದನೆಯ ಪಾಠಕ್ಕೆ. ಮೊದಲ ಐದು ಪಾಠಗಳ ಬೋಧನೋಪಕರಣದ ಅಂಕಣದಲ್ಲಿ ಬಲೂನು, ಬಾಳೆದಿಂಡು, ಸೈಕಲ್ ಪಂಪು, ಹಳೆಯ ರೇಡಿಯೊದ ಸ್ಪೀಕರು, ರಟ್ಟಿನ ನಕ್ಷೆ. ಆರನೆಯದರಿಂದ ಹತ್ತೊಂಬತ್ತನೆಯದರವರೆಗೆ ಒಂದೇ ಸಾಲು: ಕಪ್ಪುಹಲಗೆ, ಸೀಮೆಸುಣ್ಣ, ಚಾರ್ಟು. ಹದಿನಾಲ್ಕು ಪಾಠ. ಅವುಗಳಲ್ಲಿ ಮೂರನ್ನು ನಾನೇ ಅವಲೋಕಿಸಿ "ಉತ್ತಮ ಪ್ರಗತಿ" ಎಂದು ಬರೆದು ಅಂಕವನ್ನೂ ಹೆಚ್ಚಿಸಿದ್ದೆ.

ಸಹೋದ್ಯೋಗಿಗಳಿಗೆ ಇದನ್ನು ಹೇಳಿದಾಗ ಒಬ್ಬರು, ಐದೈದು ಪಾಠ ನೋಡುವ ದಿನ ಇಷ್ಟೆಲ್ಲ ಯೋಚಿಸಲು ಆಗುತ್ತದೆಯೇ ಎಂದರು. ಆಗುವುದಿಲ್ಲ, ಒಪ್ಪುತ್ತೇನೆ. ಇನ್ನೊಬ್ಬರು, ಅವರಿಗೆ ಉತ್ತರ ಗೊತ್ತಿರಲಿಲ್ಲ ಎಂಬುದು ನಿಜವೇ ಅಲ್ಲವೇ ಎಂದರು. ಅದೂ ನಿಜ. ನನ್ನನ್ನು ಕಾಡಿದ್ದು ಬೇರೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೂ ಆ ಕ್ಷಣ ಉತ್ತರ ಹೊಳೆದಿರಲಿಲ್ಲ. ಪ್ರಶ್ನೆ ಕೇಳಿದಾಗ ನಾನು ಯೋಚಿಸಿದ್ದು ಗಡಿಯಾರದ ಬಗ್ಗೆ. ಸ್ಪಷ್ಟತೆ ಇಲ್ಲ ಎಂದು ಬರೆಯಲು ನನಗೆ ಸ್ಪಷ್ಟತೆ ಬೇಕಾಗಿರಲಿಲ್ಲ, ಪೆನ್ನು ಸಾಕಾಗಿತ್ತು.

ಪ್ರಶಿಕ್ಷಣಾರ್ಥಿಯನ್ನು ಕರೆದು ಕೂರಿಸಿ ಶೆಡ್ಡಿನ ಕತೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಮೊದಲು ಕೇಳಿದ್ದು ಹುಡುಗನ ಕೈ ಈಗ ಹೇಗಿದೆ ಎಂದು. ನಂತರ ಚೀಲದಿಂದ ಒಂದು ಬಳೆ ತೆಗೆದರು. ಲೋಹದ, ಸ್ವಲ್ಪ ಅಗಲದ ಬಳೆ. ಅದಕ್ಕೆ ಎರಡು ದಾರ ವ್ಯಾಸದುದ್ದಕ್ಕೂ ಬಿಗಿಯಾಗಿ, ಅಡ್ಡ ಒಂದು ಉದ್ದ ಒಂದು ಕಟ್ಟಿತ್ತು. ದಾರಗಳು ದಾಟುವ ಜಾಗದಲ್ಲಿ ಗಂಟು. ಆ ಗಂಟಿಗೆ ಮೂರನೆಯ ದಾರ ಕಟ್ಟಿ ಎತ್ತಿದರೆ ಬಳೆ ನೆಲಕ್ಕೆ ಸಮಾನಾಂತರವಾಗಿ, ತಟ್ಟೆಯಂತೆ ನಿಲ್ಲುತ್ತದೆ.

"ಆ ರಾತ್ರಿಯೇ ಮಾಡಿದೆ ಸಾರ್. ಮರುದಿನ ತೋರಿಸೋಣ ಎಂದುಕೊಂಡಿದ್ದೆ. ಪಠ್ಯಕ್ಕೆ ಸೀಮಿತವಾಗಿರಿ ಎಂದು ನೀವು ಬರೆದಿದ್ದಿರಿ."

ಸೆಪ್ಟೆಂಬರಿನಿಂದ ಅದು ಚೀಲದಲ್ಲೇ ಇತ್ತು. ನಾನು ನಲವತ್ತು ಸಾವಿರ ರೂಪಾಯಿ ಕಬ್ಬಿಣ ಖರ್ಚು ಮಾಡಿ ತಲುಪಿದ ಜಾಗಕ್ಕೆ ಅವರು ಎರಡು ದಾರದಲ್ಲಿ ತಲುಪಿದ್ದರು.

ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿತ್ತು, ಅದನ್ನು ಬದಲಿಸಲು ದಾರಿ ಇರಲಿಲ್ಲ. ದಾಖಲೆ ಪುಸ್ತಕದಲ್ಲಿ ಹಳೆಯ ಟಿಪ್ಪಣಿಯನ್ನು ಹೊಡೆದುಹಾಕದೆ, ಅದರ ಕೆಳಗೆ ಹೊಸ ದಿನಾಂಕ ಹಾಕಿ, ವಿದ್ಯಾರ್ಥಿಯ ಪ್ರಶ್ನೆ ಈ ಪಾಠದ ಅತ್ಯುತ್ತಮ ಭಾಗ, ಅದನ್ನು ಹುಟ್ಟಿಸಿದ್ದು ಪೂರಕ ಚಟುವಟಿಕೆ, ಮೇಲಿನ ನನ್ನ ಅಭಿಪ್ರಾಯ ತಪ್ಪು ಎಂದು ಬರೆದು ರುಜು ಹಾಕಿದೆ. ಇಂಥ ತಿದ್ದುಪಡಿಗೆ ನಮ್ಮ ನಮೂನೆಯಲ್ಲಿ ಅಂಕಣವಿಲ್ಲ. ಬಾಹ್ಯ ಪರೀಕ್ಷಕರು ಇದೇನು ಎಂದು ಕೇಳಿದರು, ಹೇಳಿದೆ.

ಉಳಿದದ್ದು ಪ್ರಶ್ನೆ ಕೇಳಿದ ಹುಡುಗ. ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಒಂದು ಶನಿವಾರ ಬೆಳಗಿನ ಕೊನೆಯ ಅವಧಿ ಪಡೆದೆವು. ಪಾಠ ಅವರದ್ದು. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ, ಅವಲೋಕನ ಪುಸ್ತಕ ಒಯ್ಯಲಿಲ್ಲ. ಎರಡು ತಿಂಗಳ ಹಿಂದಿನ ಪ್ರಶ್ನೆಯನ್ನು ಯಾರು ಕೇಳಿದ್ದು ಎಂದಾಗ ಹುಡುಗನಿಗೇ ಮರೆತುಹೋಗಿತ್ತು, ಪಕ್ಕದವರು ನೆನಪಿಸಿದರು. ಬಳೆ ಕೈಯಿಂದ ಕೈಗೆ ಹೋಯಿತು. ಗಂಟನ್ನು ನಡುವಿನಿಂದ ಸ್ವಲ್ಪ ಸರಿಸಿದರೆ ಬಳೆ ವಾಲುವುದನ್ನು ಮಕ್ಕಳೇ ಕಂಡುಕೊಂಡರು. ಶೆಡ್ಡಿನಲ್ಲಿ ತೆಗೆದ ಕಾರಿನ ಫೋಟೊಗಳನ್ನು, ಮಗುಚಿಬಿದ್ದದ್ದನ್ನೂ ಸೇರಿಸಿ, ಅವರು ತೋರಿಸಿದರು. ತಪ್ಪು ಯಾರದ್ದು ಎಂದು ಹೇಳಬೇಕಾಗಿಲ್ಲ ಎಂದು ಅವರು ಮೊದಲೇ ಹೇಳಿದ್ದರು, ನಾನೇ ಎದ್ದು ಹೇಳಿದೆ.

ಮೂರನೆಯ ಬೆಂಚಿನ ಹುಡುಗ ಬಳೆಯನ್ನು ಬಹಳ ಹೊತ್ತು ಹಿಡಿದು ನೋಡಿ, "ದಾರಕ್ಕೂ ತೂಕ ಇದೆಯಲ್ಲ ಟೀಚರ್, ಹಾಗಾದರೆ ಈಗ ನಡುವೆ ಏನೋ ಇದೆ" ಎಂದ. ಪ್ರಶಿಕ್ಷಣಾರ್ಥಿ ಈ ಸಲ ಗಡಿಯಾರ ನೋಡಲಿಲ್ಲ. "ಇದೆ. ಎಷ್ಟು ಬದಲಾಗುತ್ತದೆ, ಹೇಗೆ ಗೊತ್ತು ಮಾಡುವುದು?" ಎಂದು ಕೇಳಿ, ಮೇಜಿನ ಮೇಲೆ ಸೂಜಿ, ದಪ್ಪ ಹುರಿ, ಬೀಗದ ಕೈ ಇಟ್ಟರು. ಗಂಟೆ ಹೊಡೆದ ಮೇಲೂ ಆರೇಳು ಮಕ್ಕಳು ಮೇಜಿನ ಸುತ್ತ ನಿಂತಿದ್ದರು, ಬಸ್ಸು ತಪ್ಪುತ್ತದೆ ಎಂದು ಅವರನ್ನು ಓಡಿಸಬೇಕಾಯಿತು.

ಕಾರು ಇನ್ನೂ ಸ್ಟ್ಯಾಂಡಿನ ಮೇಲಿದೆ. ಎಡಗಡೆಯ ಸಿಲ್ಲು, ನೆಲದ ಮುಂಭಾಗ ಮುಗಿದು ಪ್ರೈಮರ್ ಬಿದ್ದಿದೆ. ಬಲಗಡೆಯದ್ದು ಬಾಕಿ, ಮುಂಗಾರು ಶುರುವಾಗುವ ಮೊದಲು ಮುಗಿಸಬೇಕು ಎಂದು ಮೇಸ್ತ್ರಿ ಅವಸರಪಡಿಸುತ್ತಿದ್ದಾರೆ. ತಂದೆ ಭಾನುವಾರ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ತಮ್ಮ ಕಾರಿನ ತಳವನ್ನು ನಲವತ್ತು ವರ್ಷದಲ್ಲಿ ನೋಡಿಯೇ ಇರಲಿಲ್ಲವಂತೆ. ಕಳೆದ ವಾರ ಹುಡುಗ ಅವರ ಕೈಹಿಡಿದು ಸಿಲ್ಲಿನ ಮೇಲಿಟ್ಟು, ಪಿನ್ನು ತೆಗೆದು, ತಳ್ಳಿ ಎಂದ. ತಂದೆ ಎರಡು ಬೆರಳಿನಲ್ಲಿ ತಳ್ಳಿದರು.